ಅಕ್ಕನ ರಕ್ತ

ಕಾಶಿಬಾಯಿಯ ಎಡ ಮುಂಗೈಯ ಆ ಕಲೆ ಭೀಮಗೊಂಡನ ಕಣ್ಣಿಗೆ ಬಿದ್ದದ್ದು, ಅವಳು ಪಡಸಾಲೆಯಲ್ಲಿ ಕುಳಿತು ಮೊರದ ತುಂಬ ತೊಗರಿಬೇಳೆ ಹರವಿಕೊಂಡು ಹಸನು ಮಾಡುತ್ತಿದ್ದ ಮಧ್ಯಾಹ್ನದಲ್ಲಿ. ಶ್ರಾವಣದ ಮೋಡ ಐನಾಪುರದ ಮೇಲೆ ಕೆಳಗಿಳಿದು ನಿಂತಿತ್ತು. ಆ ಬೂದು ಬೆಳಕಿನಲ್ಲಿಯೂ ಕಲೆ ತನ್ನನ್ನು ತಾನೇ ತೋರಿಸಿಕೊಳ್ಳುತ್ತಿತ್ತು: ನಡುವೆ ಮಾಗಿದ ನೇರಳೆಯ ಕಪ್ಪು, ಅಂಚಿನಲ್ಲಿ ಇನ್ನೂ ಹರಡುತ್ತಲೇ ಇದ್ದ ನೀಲಿ. ವಾಸಿಯಾಗುವ ಪೆಟ್ಟು ಅಂಚಿನಿಂದ ಹಳದಿಗೆ ತಿರುಗುತ್ತದೆ. ಇದರಲ್ಲಿ ಹಳದಿ ಇರಲಿಲ್ಲ.

"ಅಕ್ಕಾ, ಕೈಗೆ ಏನಾಗೈತಿ?"

ಅವಳು ಸೆರಗನ್ನು ಮುಂಗೈಯವರೆಗೆ ಎಳೆದುಕೊಂಡಳು. "ಬಾಗಲಾ ಬಡದಿರಬೇಕು ಬಿಡು."

"ಯಾವಾಗ ಬಡೀತು?"

"ಬಾಗಲಾ ಬಡಿಯೂ ಮುಂದ ಯಾರರೆ ಗಡಿಯಾರ ನೋಡ್ತಾರೇನಲೇ ಭೀಮಾ? ನನ್ನ ಎದ್ಯಾಗ ಒಂದ ಗಡಿಯಾರ ಕುಂದ್ರಿಸೀರಲ್ಲಾ, ಅದನ್ನ ಕೇಳು."

ಅವನು ನಗಲಿಲ್ಲ. ಕಳೆದ ಚಳಿಗಾಲದಲ್ಲಿ ಮಿರಜಿನ ಆಸ್ಪತ್ರೆಯೊಂದರಲ್ಲಿ ಅವಳ ಹೃದಯದ ಕೆಟ್ಟ ಕವಾಟವನ್ನು ತೆಗೆದು ಲೋಹದ ಕವಾಟ ಹಾಕಿದ್ದರು. ಮನೆ ನಿಶ್ಶಬ್ದವಾದಾಗ ಅದು ಮುಚ್ಚುವ ಸದ್ದು ಹತ್ತಿರ ಕುಳಿತವರಿಗೂ ಕೇಳುತ್ತಿತ್ತು. ರಕ್ತ ಲೋಹವನ್ನು ನಂಬುವುದಿಲ್ಲ. ಅದರ ಸುತ್ತ ಹೆಪ್ಪುಗಟ್ಟಿ ಅದನ್ನು ಬಿಗಿದು ನಿಲ್ಲಿಸಲು ನೋಡುತ್ತದೆ. ಹಾಗಾಗಬಾರದೆಂದು ರಕ್ತವನ್ನು ತೆಳುವಾಗಿಡುವ ಒಂದು ಚಿಕ್ಕ ಗುಳಿಗೆಯನ್ನು ಅವಳು ದಿನವೂ ನುಂಗಬೇಕಿತ್ತು. ಗುಳಿಗೆ ಕಡಿಮೆಯಾದರೆ ಕವಾಟ ನಿಲ್ಲುತ್ತದೆ. ಹೆಚ್ಚಾದರೆ ಮೈಯೊಳಗೆ ಎಲ್ಲಿ ಬೇಕಾದರೂ ರಕ್ತ ಸೋರುತ್ತದೆ: ಚರ್ಮದಡಿ, ಹೊಟ್ಟೆಯಲ್ಲಿ, ತಲೆಯಲ್ಲಿ. ಎರಡು ಸಾವುಗಳ ನಡುವೆ ಒಬ್ಬರು ನಡೆಯುವಷ್ಟೇ ಅಗಲದ ಬದು. ಅದರ ಮೇಲೆ ಅಕ್ಕ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದಳು.

ಭೀಮಗೊಂಡ ಊರಿಗೆಲ್ಲ ಡಾಕ್ಟರ್. ಆದರೆ ರೋಗಿಯ ನಾಡಿ ಹಿಡಿದ ಡಾಕ್ಟರಲ್ಲ. ಅವನ ಬದುಕು ಪ್ರಯೋಗಶಾಲೆಗಳಲ್ಲಿ ಕಳೆದದ್ದು. ಪಾಲಬಾವಿಯಲ್ಲಿ ಅವನು ಚಿಕ್ಕವನಿದ್ದಾಗ ಅವರ ತಾಯಿಯನ್ನು ಹೆರಿಗೆಯ ಮರುದಿನ ಚಕ್ಕಡಿಯಲ್ಲಿ ಮಲಗಿಸಿ ರಾಯಬಾಗದ ದವಾಖಾನೆಗೆ ಒಯ್ದಿದ್ದರು. ಹಿಂದೆ ಹಿಂದೆ ನಡೆಯುತ್ತಿದ್ದ ಅವನು, ಹಲಗೆಯ ಸಂದಿನಿಂದ ದಾರಿಯ ಧೂಳಿಗೆ ತೊಟ್ಟಿಕ್ಕುತ್ತಿದ್ದುದನ್ನು ನೋಡಿದ್ದ. ದವಾಖಾನೆ ಬರುವ ಮೊದಲೇ ತೊಟ್ಟಿಕ್ಕುವುದು ನಿಂತಿತು, ತಾಯಿಯೊಡನೆ. ಆಮೇಲೆ ಅವನು ಓದಿದ್ದೆಲ್ಲ ಆ ತೊಟ್ಟಿನ ಬೆನ್ನು ಹತ್ತಿಯೇ. ಮುಂಬಯಿಯಲ್ಲಿ ರಕ್ತ ಏಕೆ ಹೆಪ್ಪುಗಟ್ಟುತ್ತದೆ, ಏಕೆ ಕಟ್ಟುವುದಿಲ್ಲ ಎಂಬುದರ ಹಿಂದೆ ಹಲವು ವರ್ಷ. ಪುಣೆಯಲ್ಲಿ ಹೃದಯದ ಔಷಧಗಳ ಹಿಂದೆ ಇನ್ನು ಹಲವು. ಅಂಗಳದ ಕಣಗಿಲ ಗಿಡದ ವಿಷ ಸಾಸಿವೆಯಷ್ಟಿದ್ದರೆ ಹೃದಯವನ್ನು ಎಬ್ಬಿಸಿ, ಇನ್ನೊಂದು ಸಾಸಿವೆಯಷ್ಟಾದರೆ ಮಲಗಿಸಿಬಿಡುವ ಅಳತೆಯನ್ನು ಹುಡುಕುತ್ತ. ಕೊನೆಗೆ ಗಿಡಗಳೇ ಅವನನ್ನು ಒಲಿಸಿಕೊಂಡವು. ನಿವೃತ್ತನಾಗುವವರೆಗೆ ಗಡಿನಾಡಿನ ಬೇಲಿಗಳಲ್ಲಿ ಬೆಳೆಯುವ ಎಲೆ ಬೇರುಗಳನ್ನು ಅರೆದು ಸೋಸಿ ನೋಡಿದ. ಹೆಂಡತಿ ತೀರಿಕೊಂಡ ಮೇಲೆ, ಅಕ್ಕನ ಶಸ್ತ್ರಚಿಕಿತ್ಸೆಯ ನೆಪದಲ್ಲಿ ಐನಾಪುರದ ಅವಳ ಮನೆಯ ಮಾಳಿಗೆಯ ಕೋಣೆಗೆ ಬಂದು ಉಳಿದಿದ್ದ.

ಅಕ್ಕನಿಗೆ ಹಾಕಿದ ಗುಳಿಗೆಯ ವಂಶಾವಳಿಯೂ ಅವನಿಗೆ ಗೊತ್ತಿತ್ತು. ದೂರದ ಶೀತದೇಶವೊಂದರಲ್ಲಿ ಕೆಟ್ಟ ಮೇವು ತಿಂದ ದನಗಳು ರಕ್ತ ನಿಲ್ಲದೆ ಸತ್ತವು. ಆ ಮೇವಿನಲ್ಲಿ ಸಿಕ್ಕ ವಿಷದ ಮೊಮ್ಮಗ ಈ ಗುಳಿಗೆ. ರಕ್ತ, ಹೃದಯ, ಗಿಡ: ಅವನ ಆಯುಷ್ಯದ ಮೂರೂ ಭಾಗಗಳು ಅಕ್ಕನ ಅಂಗೈಯಲ್ಲಿ ಒಂದು ಗುಳಿಗೆಯಾಗಿ ಕುಳಿತಿದ್ದವು. ಇಷ್ಟು ತಿಳಿದವನಿಗೆ ಧೈರ್ಯ ಇರಬೇಕಿತ್ತು. ಆದರೆ ಅವನಿಗೆ ತಿಳಿದದ್ದೆಲ್ಲ ಒಂದೊಂದಾಗಿ ಭಯದ ಬಾಗಿಲುಗಳನ್ನೇ ತೆರೆಯುತ್ತಿತ್ತು.

ಆಷಾಢದ ಕೊನೆಗೆ ಮಾಡಿಸಬೇಕಿದ್ದ ರಕ್ತಪರೀಕ್ಷೆ ಮುಂದೆ ಹೋಗಿತ್ತು. ಕೃಷ್ಣೆ ಏರಿ ಹಳ್ಳಗಳಿಗೆ ಹಿನ್ನೀರು ನುಗ್ಗಿ ಮಿರಜಿಗೆ ಹೋಗುವ ಕಾಗವಾಡದ ದಾರಿ ಮುಚ್ಚಿದಾಗ, "ನೀರು ಇಳೀಲಿ" ಎಂದು ಅವನೇ ಹೇಳಿದ್ದ. ಈಗ ಮಿರಜಿಗೆ ಫೋನು ಮಾಡಿದ. ಇಂದಿನ ಗುಳಿಗೆ ನಿಲ್ಲಿಸಿ, ಬೆಳಕು ಹರಿಯುತ್ತಲೇ ಕರೆತನ್ನಿ ಎಂದರು. ಕಾರು ಹೊಡೆಯಬೇಕಾದ ಮಹಾವೀರ, ಕಾಶಿಬಾಯಿಯ ಮಗ, ದ್ರಾಕ್ಷಿ ತೋಟದ ಮೋಟಾರು ದುರಸ್ತಿಗೆಂದು ಅಥಣಿಗೆ ಹೋದವನು ಇನ್ನೂ ಬಂದಿರಲಿಲ್ಲ.

ಅಡುಗೆಮನೆಯಲ್ಲಿ ಸೊಸೆ ರೂಪಾಲಿ ಮೆಂತ್ಯೆ ಬಿಡಿಸುತ್ತಿದ್ದಳು. ಗುಳಿಗೆಯ ಡಬ್ಬಿ ಅವಳ ಸುಪರ್ದಿಯಲ್ಲಿತ್ತು. ಭೀಮಗೊಂಡ ಡಬ್ಬಿಯನ್ನು ತೆಗೆದು ಬೆಳಕಿಗೆ ಹಿಡಿದು ಗುಳಿಗೆಯ ಬಣ್ಣ ನೋಡಿದ, ಪಟ್ಟಿಯ ಮೇಲಿನ ಹೆಸರು ಓದಿದ. ಎಲ್ಲ ಸರಿಯಿತ್ತು. ಸರಿಯಿದ್ದುದೇ ಅವನನ್ನು ಮತ್ತಷ್ಟು ಹೆದರಿಸಿತು.

"ರೂಪಾಲೀ, ಮರತು ಎರಡೆರಡು ಸಲ ಕೊಟ್ಟೀಯೇನವ್ವಾ?"

ಅವಳ ಕೈ ನಿಂತಿತು. "ಇಲ್ರಿ ಮಾಮಾ."

"ನೆಪ್ಪು ಮಾಡ್ಕೊ. ಮುಂಜಾನೆ ನೀ ಒಮ್ಮೆ, ಸಂಜಿಕ ಮಹಾವೀರ ಒಮ್ಮೆ..."

"ಹೊತ್ತು ಮುಳಗೂ ಮುಂಚೆ ಒಂದ. ನನ್ನ ಕೈಲೆ. ನುಂಗಿದ ಮ್ಯಾಲೆ ಬಾಯಿ ತಗಸಿ ನೋಡ್ತೀನ್ರಿ, ಸಣ್ಣ ಕೂಸಿಗೆ ನೋಡಿದಾಂಗ. ನಾ ಏನ್ ನಮ್ಮ ಅತ್ತಿಗೆ ವಿಷಾ ಹಾಕ್ತೀನಿ ಅಂತೀರೇನ?"

"ಹಂಗ ಯಾರ ಅಂದ್ರು?"

"ಬಾಯಿಲೆ ಅಂದಿಲ್ರಿ, ಡಬ್ಬಿ ಹಿಡಕೊಂಡ ನಿಂತೀರಲ್ಲಾ." ಅವಳು ಮತ್ತೆ ಮೆಂತ್ಯೆಗೆ ಕೈ ಹಾಕಿದಳು, ಕಡ್ಡಿಗಳು ಬೇಕಾದ್ದಕ್ಕಿಂತ ಜೋರಾಗಿ ಮುರಿಯತೊಡಗಿದವು.

ಅಲ್ಲಿಂದ ಅವನು ಹಿತ್ತಿಲಿಗೆ ಹೋದ. ತಾನೇ ತಂದು ನೆಟ್ಟ ಗಿಡಗಳಿದ್ದವು. ಅವುಗಳಲ್ಲಿ ಕೆಲವು ರಕ್ತವನ್ನು ತೆಳುಮಾಡುವಂಥವು. ಕೆಮ್ಮಿಗೆಂದೋ ಕೀಲುನೋವಿಗೆಂದೋ ಅಕ್ಕ ಎಲೆಯೊಂದನ್ನು ಕಿತ್ತು ಕುದಿಸಿ ಕುಡಿದಿದ್ದರೆ? ಬಾಗಿ ಒಂದೊಂದೇ ಟೊಂಗೆಯನ್ನು ಎತ್ತಿ, ಕಿತ್ತ ಗುರುತನ್ನು ಹುಡುಕಿದ. ಮಳೆಹನಿಗಳು ಅವನ ಕತ್ತಿನೊಳಗೆ ಇಳಿದವು. ಎಲ್ಲ ಎಲೆಗಳೂ ತಮ್ಮ ತಮ್ಮ ಜಾಗದಲ್ಲಿದ್ದವು, ಏನನ್ನೂ ಹೇಳದೆ.

ದೀಪ ಹಚ್ಚಿದ ಮೇಲೆ ಎಂದಿನಂತೆ ಕಾಶಿಬಾಯಿ ಅವನಿಗೆ ಬಡಿಸಿದಳು: ಬಿಸಿ ರೊಟ್ಟಿ, ಮೆಂತ್ಯೆ ಪಲ್ಯ, ಮಜ್ಜಿಗೆ. ಅವಳದು ಹೊತ್ತಿದ್ದಾಗಲೇ ಆಗಿರುತ್ತಿತ್ತು. ಸೂರ್ಯ ಇಳಿದ ಮೇಲೆ ಆ ಜೈನರ ಮನೆಯ ಹೆಂಗಸರು ನೀರನ್ನೂ ಮುಟ್ಟುವವರಲ್ಲ. ಪರವೂರಿನ ಅಭ್ಯಾಸ ಅಂಟಿದ ಭೀಮಗೊಂಡ ಮಾತ್ರ ಕತ್ತಲಾದ ಮೇಲೆ ಒಬ್ಬನೇ ಉಣ್ಣುತ್ತಿದ್ದ. ಬೇಸಿಗೆಯಲ್ಲಿ ಗುಳಿಗೆಯ ಅಳತೆ ಗೊತ್ತುಮಾಡುವಾಗ ಅವನು ಅವಳಿಗೆ ಒಂದೇ ಮಾತು ಕಟ್ಟುನಿಟ್ಟಾಗಿ ಹೇಳಿದ್ದ: ತಪ್ಪಲ ಪಲ್ಯ ದಿನವೂ ಆಗಬೇಕು, ದಿನವೂ ಅಷ್ಟೇ ಆಗಬೇಕು. ಹಸಿರು ಸೊಪ್ಪಿನಲ್ಲಿರುವ ಒಂದು ಜೀವಸತ್ವ ಗುಳಿಗೆಯ ಕೆಲಸವನ್ನು ಎದುರಿಸುತ್ತದೆ. ಎರಡನ್ನೂ ಸರಿತೂಗಿಸಿಯೇ ಅಳತೆ. ಮೆಂತ್ಯೆ, ರಾಜಗಿರಿ, ಪುಂಡಿ, ಒಂದಲ್ಲ ಒಂದು ದಿನವೂ ಅವನ ತಾಟಿಗೆ ಬರುತ್ತಿತ್ತು. ಅದೊಂದಾದರೂ ಸರಿಯಾಗಿದೆ ಎಂದುಕೊಂಡು ಆ ರಾತ್ರಿ ಅವನು ತುತ್ತು ನುಂಗಿದ.

ಬೆಳಿಗ್ಗೆ ಬಚ್ಚಲಲ್ಲಿ ಅವಳು ಬಾಯಿ ಮುಕ್ಕಳಿಸಿ ಉಗುಳಿ, ಅವಸರದಿಂದ ತಂಬಿಗೆ ನೀರು ಸುರಿದಳು. ಕಲ್ಲಿನ ಗೆರೆಗಳಲ್ಲಿ ನೀರಿಗಿಂತ ನಿಧಾನವಾಗಿ ಒಂದು ಕೆಂಪು ಉಳಿದುಕೊಂಡಿತು. ಭೀಮಗೊಂಡ ಬಾಗಿಲಲ್ಲಿ ನಿಂತಿದ್ದ.

"ಹಲ್ಲಿನ ಒಸಡು ಹರದೈತಿ," ಎಂದಳು ಅವಳು, ಅವನು ಕೇಳುವ ಮೊದಲೇ.

ಕಾರಿನಲ್ಲಿ ಮುಂದೆ ಮಹಾವೀರ ಮತ್ತು ಭೀಮಗೊಂಡ, ಹಿಂದೆ ಕಾಶಿಬಾಯಿ ಮತ್ತು ರೂಪಾಲಿ. ಕಬ್ಬಿನ ಗದ್ದೆಗಳು ಎರಡೂ ಬದಿಗೆ ನೀರಿನಲ್ಲಿ ಮೊಳಕಾಲವರೆಗೆ ನಿಂತಿದ್ದವು. ಹಳ್ಳದ ಬಳಿ ರಸ್ತೆ ಇರಲಿಲ್ಲ. ಕಂದು ನೀರು ಈ ಕಡೆಯಿಂದ ಆ ಕಡೆಗೆ ಸದ್ದಿಲ್ಲದೆ ಸರಿಯುತ್ತಿತ್ತು. ಟ್ರ್ಯಾಕ್ಟರು, ಹಾಲಿನ ಗಾಡಿ, ಎರಡು ಬಸ್ಸು ಸಾಲಾಗಿ ನಿಂತಿದ್ದವು.

"ಮಧ್ಯಾಹ್ನಕ್ಕ ಇಳೀತೈತಿ ಅಂತಾರ್ರಿ ಮಾಮಾ," ಎಂದ ಮಹಾವೀರ, ವಿಚಾರಿಸಿ ಬಂದು.

"ಮಧ್ಯಾಹ್ನತನಾ ತಡಿಯಾಕ ಆಗಂಗಿಲ್ಲ."

"ನೀರಿಗೆ ನೀವ ಹೇಳ್ರಿ ಮತ್ತ. ನನ್ನ ಮಾತು ಕೇಳವಲ್ತು."

ಹಿಂದಿನಿಂದ ಕಾಶಿಬಾಯಿ ನಕ್ಕಳು. ನಕ್ಕವಳು ಹಣೆಗೆ ಕೈಹಚ್ಚಿದಳು. "ತಲಿ ಒಂದೀಟು ಭಾರ ಆಗೈತಿ, ಅಷ್ಟ."

ಭೀಮಗೊಂಡ ತಿರುಗಿ ನೋಡಲಿಲ್ಲ. ತಿರುಗಿದರೆ ತನ್ನ ಮುಖ ಅವಳಿಗೆ ಕಾಣುತ್ತಿತ್ತು. ತಲೆಬುರುಡೆಯೊಳಗೆ ರಕ್ತ ಹೇಗೆ ತನ್ನ ಜಾಗ ಮಾಡಿಕೊಳ್ಳುತ್ತದೆ ಎಂದು ಅವನಿಗೆ ಗೊತ್ತಿತ್ತು: ಮೊದಲು ಭಾರ, ಆಮೇಲೆ ನಿದ್ದೆ, ಆಮೇಲೆ ಮಾತು ತೊದಲುವುದು. ಅದಕ್ಕೇ ಅವಳನ್ನು ಮಾತಾಡಿಸುತ್ತಲೇ ಇದ್ದ. ಈ ವರ್ಷ ದ್ರಾಕ್ಷಿ ಹೇಗೆ? ಬಸದಿಯಲ್ಲಿ ಚಾತುರ್ಮಾಸಕ್ಕೆ ನಿಂತ ಮುನಿ ಮಹಾರಾಜರು ಯಾವ ಊರ ಕಡೆಯವರು? ಅವಳು ಉತ್ತರಿಸಿದಾಗಲೆಲ್ಲ ಅವನು ಅರ್ಥವನ್ನಲ್ಲ, ಉಚ್ಚಾರವನ್ನು ಕೇಳುತ್ತಿದ್ದ. ಒಂದೊಂದು ಅಕ್ಷರವೂ ನೆಟ್ಟಗೆ ಬಂದಾಗ ಒಂದು ಉಸಿರು. ಅವಳು ಸುಮ್ಮನಾದಾಗ ಕಾರಿನೊಳಗೆ ಆ ಲೋಹದ ಸದ್ದು ಮಾತ್ರ.

"ಮಲಗಬ್ಯಾಡ ಅಕ್ಕಾ."

"ಕಣ್ಣ ಮುಚ್ಚಿದ್ರ ಮಲಗಿದಾಂಗೇನು? ಣಮೋಕಾರ ಮಂತ್ರಾ ಹೇಳಾಕತ್ತೇನಿ. ನಿನ್ನ ಗದ್ದಲದಾಗ ನಾಕು ಸಲ ತಪ್ಪೇತಿ."

ನೀರು ಇಳಿಯುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಮಿರಜ ತಲುಪಿ ರಕ್ತ ತೆಗೆದು, ತಲೆಯ ಚಿತ್ರ ತೆಗೆಸಿ, ಅವಳನ್ನು ಹಾಸಿಗೆಗೆ ಹಾಕುವಾಗ ಕಿಟಕಿಯ ಬೆಳಕು ಸೋಲತೊಡಗಿತ್ತು. ಪಾಳಿಯಲ್ಲಿದ್ದ ಯುವ ವೈದ್ಯೆ ಸ್ನೇಹಲ ಚಿಕ್ಕೋಡಿಯ ಹುಡುಗಿ. "ಆಜಿ, ಘಾಬರೂ ನಕಾ," ಎಂದು ಮರಾಠಿಯಲ್ಲಿ ಸಮಾಧಾನ ಹೇಳುತ್ತ ಒಳಬಂದವಳು, ಕಾಗದವನ್ನು ಮಾತ್ರ ಭೀಮಗೊಂಡನ ಕೈಗೆ ಕೊಟ್ಟಳು. ರಕ್ತ ಎಷ್ಟು ತೆಳುವಾಗಿದೆಯೆಂದು ಹೇಳುವ, ಮೂರರ ಆಸುಪಾಸಿನಲ್ಲಿ ಇರಬೇಕಾದ ಅಂಕಿ ಹತ್ತನ್ನು ದಾಟಿತ್ತು. ಆ ಅಂಕಿಯ ಪ್ರಾಣಿಗಳನ್ನು ಅವನು ತನ್ನ ಪಂಜರಗಳಲ್ಲಿ ನೋಡಿದ್ದ. ಅವು ಮುಟ್ಟಿದಲ್ಲೆಲ್ಲ ನೀಲಿಯಾಗುತ್ತಿದ್ದವು.

"ಬ್ಯಾರೆ ಔಷಧ ಏನರೆ ತಗೊಂಡಾರೇನ್ರಿ ಸರ್? ಜ್ವರದ್ದು, ನೋವಿಂದು?"

"ಇಲ್ಲ."

"ಗುಳಿಗಿ ಹೆಚ್ಚಿಗಿ?"

"ಇಲ್ಲ. ಸೊಸಿ ಕೈಲೆ ಕೊಡ್ತಾಳ." ರೂಪಾಲಿ ಗೋಡೆಯ ಕಡೆ ನೋಡಿದಳು.

"ಊಟದಾಗ ಬದಲ?"

"ಏನೂ ಇಲ್ಲ. ತಪ್ಪಲ ಪಲ್ಯ ದಿನಾ ತಿಂತಾಳ, ಅಷ್ಟಕ್ಕಷ್ಟ. ನಾನ ನೋಡೇನಿ."

ಹಾಸಿಗೆಯ ಮೇಲೆ ಕಾಶಿಬಾಯಿ ಕಣ್ಣು ತೆರೆದಳು. ತನ್ನ ಮೌನವನ್ನು ಅವಳು ಇಷ್ಟು ದಿನ ಹೊತ್ತಿದ್ದಳು. ಆದರೆ ತನ್ನ ಎದುರಿಗೇ ಆಡಿದ ಸುಳ್ಳನ್ನು ಸುಮ್ಮನೆ ಬಿಡುವುದು ಅವಳಿಂದಾಗಲಿಲ್ಲ.

"ನಾ ತಿಂದಿಲ್ಲ," ಎಂದಳು. "ಆಷಾಢದಿಂದ ತಿಂದಿಲ್ಲ. ಮಹಾರಾಜರ ಮುಂದ ನಿಯಮಾ ತಗೊಂಡೇನಿ, ದೀಪಾವಳಿತನಾ. ಪ್ರತಿ ಚಾತುರ್ಮಾಸದಾಗೂ ತಗೋತೀನಿ."

ಭೀಮಗೊಂಡನ ಕೈಯಲ್ಲಿದ್ದ ಕಾಗದ ಬಾಗಿತು. ಮಳೆಗಾಲದಲ್ಲಿ ಎಲೆಗಳ ಮೇಲೆ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಅವುಗಳ ಹಿಂಸೆ ಬೇಡವೆಂದು ಈ ನಾಲ್ಕು ತಿಂಗಳು ತಪ್ಪಲನ್ನು ಬಿಡುವುದು ತನ್ನ ಅಜ್ಜಿ, ತಾಯಿ ಎಲ್ಲರೂ ಮಾಡಿಕೊಂಡು ಬಂದದ್ದು. ಅದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದುದು ಮರೆವಿನ ಯಾವುದೋ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿತ್ತು. ಲೋಹದ ಕವಾಟ ಹಾಕಿದ ಮೇಲೆ ಇದು ಮೊದಲ ಮಳೆಗಾಲ. ತಾಟಿನಲ್ಲಿ ಹಸಿರು ಇದೆಯೆಂದು ಅವನು ನಂಬಿದ್ದು ತನ್ನ ತಾಟನ್ನು ನೋಡಿ.

"ನಾ ಹೇಳಿದ್ನಲ್ಲಾ ಅಕ್ಕಾ, ದಿನಾ ಅಷ್ಟ ತಿನ್ನಬೇಕಂತ."

"ಹೇಳಿದ್ದಿ. ತಿಂದ್ರ ಮೈಯಾಗ ಏನರೆ ಆದೀತು; ತಿನ್ನದಿದ್ರ ಏನ್ ಆಗತೈತಿ ಅಂದ್ಕೊಂಡೆ. ಬಿಟ್ಟದ್ದು ಯಾರಿಗೆ ಏನ್ ಮಾಡೀತು? ರೂಪಾಲಿಗೆ ನನ್ನ ನಿಯಮಾ ಗೊತ್ತು, ನೀ ಹೇಳಿದ್ದು ಗೊತ್ತಿಲ್ಲ."

"ನಂಗ ಒಂದ ಮಾತ..."

"ನಿಯಮಾ ಅಂದ್ರ ಡಂಗುರಾ ಸಾರೂದೇನು? ಹೇಳಿದ್ರ ನೀ ಬಿಡಸ್ತಿದ್ದಿ." ಅವಳು ಅವನನ್ನು ನೋಡದೆ ಹೇಳಿದಳು: "ನೀ ಮುಂಬೈಕ ಹೋಗಿ ಮೊಲಾ ಕೊಯ್ಯಾಕತ್ತೀದಿ ಅಂತ ಕೇಳಿದ ವರ್ಷ ಹಿಡದದ್ದು. ಒಬ್ಬರ ಪಾಪಾ ಇನ್ನೊಬ್ಬರು ತೊಳಿಯಾಕ ಬರಂಗಿಲ್ಲ, ಗೊತ್ತೈತಿ. ಮಹಾರಾಜರೂ ಅದನ್ನ ಅಂದ್ರು. ಆದ್ರೂ ಹಿಡದೆ."

ರೂಪಾಲಿ ಬಾಯಿಗೆ ಸೆರಗು ಹಿಡಿದಳು. ಭೀಮಗೊಂಡನಿಗೆ ಆ ಮೊಲಗಳ ಕಿವಿಗಳು ನೆನಪಾದವು: ಬೆಳಕಿಗೆ ಹಿಡಿದರೆ ಒಳಗಿನ ರಕ್ತನಾಳ ಎಲೆಯ ನರದಂತೆ ಕಾಣುವ ಕಿವಿಗಳು. ಅವುಗಳ ರಕ್ತದಿಂದಲೇ ಅವನು ಕಲಿತದ್ದು. ಆ ಕಲಿಕೆ ಈಗ ಅವಳದೇ ನಿಯಮದ ದಾರಿಯಿಂದ ಅಕ್ಕನ ಮೈಗೆ ಬಂದು ತಲುಪಿತ್ತು.

ತಲೆಯ ಚಿತ್ರ ಬಂತು. ಸ್ನೇಹಲ ಅದನ್ನು ನೋಡುತ್ತಿದ್ದಷ್ಟು ಹೊತ್ತು ಅವನು ಅವಳ ಹುಬ್ಬನ್ನೇ ನೋಡುತ್ತಿದ್ದ. "ತಲಿಯೊಳಗ ರಕ್ತ ಇಲ್ಲ," ಎಂದಳು ಅವಳು ಕೊನೆಗೆ. "ಆದ್ರ ಈ ಅಂಕಿ ಹಿಂಗ ಬಿಟ್ಟು ಮಲಗಾಕ ಆಗಂಗಿಲ್ರಿ. ಒಂದು ಔಷಧ ಐತಿ, ಕುಡಿಸೂದು. ನಿಮಗ ಗೊತ್ತೈತಿ ಸರ್."

ಅವನಿಗೆ ಗೊತ್ತಿತ್ತು. ಅದು ಸೊಪ್ಪಿನಲ್ಲಿರುವ ಜೀವಸತ್ವವೇ. ಸ್ವಲ್ಪ ಕೊಟ್ಟರೆ ರಕ್ತ ಬದುವಿನ ಮೇಲೆ ಮರಳುತ್ತದೆ. ಕೈತಪ್ಪಿ ಹೆಚ್ಚಾದರೆ ಆಚೆಯ ಪ್ರಪಾತ: ಹೆಪ್ಪು, ನಿಲ್ಲುವ ಕವಾಟ. ಅದಕ್ಕೇ ಸೂಜಿಯಿಂದ ಒಮ್ಮೆಲೇ ಕೊಡುವುದಕ್ಕಿಂತ ಕುಡಿಸುವುದೇ ಮೇಲು ಎಂದು ಸ್ನೇಹಲ ಹೇಳಿದಳು. ಸಣ್ಣ ಲೋಟದ ತಳದಲ್ಲಿ ಹಳದಿ ದ್ರವ ತಂದಳು.

ಕಾಶಿಬಾಯಿ ಲೋಟ ನೋಡಿದಳು, ಆಮೇಲೆ ಕಿಟಕಿ. "ಹೊತ್ತು ಮುಳಗೇತೇನು?"

"ಇನ್ನೂ ಸ್ವಲ್ಪ ಐತ್ರಿ ಆಜಿ. ಮೋಡ ಅದಾವ, ಕಾಣವಲ್ದು."

"ಏನಿದು? ಎದರಿಂದ ಮಾಡ್ಯಾರ?"

ಪ್ರಶ್ನೆ ಸ್ನೇಹಲಳಿಗಲ್ಲ, ತಮ್ಮನಿಗೆ. ಭೀಮಗೊಂಡನ ನಾಲಿಗೆಯ ಮೇಲೆ ಒಂದು ನಿಜವಾದ ಉತ್ತರ ಸಿದ್ಧವಾಗಿತ್ತು: ಕಾರ್ಖಾನೆಯಲ್ಲಿ ಮಾಡಿದ್ದು, ಎಲೆಯಿಂದ ಹಿಂಡಿದ್ದಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ಸುಳ್ಳಾಗುತ್ತಿರಲಿಲ್ಲ, ಅಕ್ಕ ಕುಡಿಯುತ್ತಿದ್ದಳು. ಉಳಿದ ಅರ್ಧವನ್ನು ಹೇಳಿದರೆ ಅವಳು ಲೋಟವನ್ನು ದೂರ ಸರಿಸಬಹುದು, ಹೊತ್ತು ಮುಳುಗಬಹುದು, ಕತ್ತಲಲ್ಲಿ ಅವಳ ತಲೆಯೊಳಗೆ ಒಂದು ಕೂದಲೆಳೆಯಷ್ಟು ನಾಳ ಬಿಚ್ಚಿಕೊಳ್ಳಬಹುದು. ಅವನು ಹಾಸಿಗೆಯ ಕಬ್ಬಿಣ ಹಿಡಿದುಕೊಂಡ.

"ಕಾರ್ಖಾನ್ಯಾಗ ಮಾಡಿದ್ದು, ಅಕ್ಕಾ. ಎಲಿ ಹಿಂಡಿಲ್ಲ." ಉಸಿರೆಳೆದುಕೊಂಡ. "ಆದ್ರ ತಪ್ಪಲದಾಗ ಇರೂದೂ ಇದ. ಬ್ಯಾರೆ ಅಲ್ಲ. ನೀ ಬಿಟ್ಟದ್ದು ಇದನ್ನ."

ಮಹಾವೀರ, "ಅವ್ವಾ, ಸುಮ್ಮ ಕುಡೀಬೇ!" ಎಂದು ಒಂದು ಹೆಜ್ಜೆ ಮುಂದೆ ಬಂದ. ಅವಳು ಬೆರಳೆತ್ತಿ ಅವನನ್ನು ತಡೆದಳು. ಕಿಟಕಿಯ ಬೂದುಬಣ್ಣಕ್ಕೆ ಇನ್ನಷ್ಟು ಬೂದು ಸೇರುತ್ತಿತ್ತು. ಅವಳು ಯೋಚಿಸುತ್ತಿದ್ದಳು, ಬೇಳೆಯಲ್ಲಿ ಕಲ್ಲು ಆರಿಸುವಾಗಿನ ಅದೇ ಮುಖದಿಂದ, ಅವಸರವಿಲ್ಲದೆ.

"ನಾ ತಪ್ಪಲಾ ಬಿಟ್ಟದ್ದು ಹುಳದ ಸಲವಾಗಿ," ಎಂದಳು. "ಇದರಾಗ ಹುಳಾ ಅದಾವೇನು?"

"ಇಲ್ಲ."

"ಆಣಿ?"

"ಆಣಿ ಯಾಕಬೇ? ಫಸಾಯಿಸಾಂವ ಆಗಿದ್ರ ಮೊದಲನೇ ಮಾತಿಗೇ ಬಾಯಿ ಮುಚ್ಚತಿದ್ದೆ."

ಅವಳು ಅವನನ್ನು ನೋಡಿದಳು. "ಅದೂ ಖರೆ," ಎಂದು ಲೋಟ ತೆಗೆದುಕೊಂಡು, ಕಣ್ಣು ಮುಚ್ಚಿ, ಒಂದೇ ಗುಟುಕಿಗೆ ಕುಡಿದು ಮುಖ ಕಿವುಚಿದಳು. "ಥೂ. ತಪ್ಪಲದ ರುಚಿ ಅಂತೂ ಇಲ್ಲ."

ಆ ರಾತ್ರಿ ಭೀಮಗೊಂಡ ಹೆದರಿದ್ದು ಎರಡೂ ದಿಕ್ಕಿಗೆ. ಬೆಳಗಿನ ರಕ್ತದ ಅಂಕಿ ಇಳಿದಿತ್ತು. ಮೂರಕ್ಕಿಂತ ಕೆಳಗೆ ಹೋಗಿರಲಿಲ್ಲ. ಒಸಡು ಒಣಗಿತ್ತು. ಇನ್ನೊಂದು ದಿನ ನೋಡಿ ಮನೆಗೆ ಬಿಡುತ್ತೇನೆ, ನಿಯಮ ಮುಗಿಯುವವರೆಗೆ ಗುಳಿಗೆಯನ್ನು ತಗ್ಗಿಸಿ, ಮತ್ತೆ ಸೊಪ್ಪು ಹಿಡಿದಾಗ ಏರಿಸೋಣ, ನಡುವೆ ವಾರಕ್ಕೊಮ್ಮೆ ರಕ್ತ ನೋಡೋಣ ಎಂದಳು ಸ್ನೇಹಲ. "ನಿಯಮಾ ಬಿಡೂದು ಬ್ಯಾಡ್ರಿ ಆಜಿ. ಹೇಳೂದಷ್ಟ ಬಿಡಬ್ಯಾಡ್ರಿ."

ರೂಪಾಲಿ ಗುಳಿಗೆಯ ಡಬ್ಬಿಯನ್ನು ಚೀಲದಿಂದ ತೆಗೆದು ಭೀಮಗೊಂಡನ ಮುಂದೆ ಚಾಚಿದಳು. "ಝಡತಿ ತಗೋರಿ ಮಾಮಾ, ಇನ್ನೊಮ್ಮೆ ತಗದು ನೋಡ್ರಿ."

"ತಪ್ಪಾತವ್ವಾ," ಎಂದ ಅವನು. ಅವಳು ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಭೀಮಗೊಂಡ ಅಕ್ಕನ ಹಾಸಿಗೆಯ ಅಂಚಿಗೆ ಬಂದ. ದೀಪಾವಳಿ ಇನ್ನೂ ದೂರವಿತ್ತು. ಅದರ ನಡುವೆ ಉಪವಾಸಗಳಿದ್ದವು, ಪರ್ಯೂಷಣವಿತ್ತು, ತನಗೆ ತಿಳಿಯದ ಎಷ್ಟೋ ಇದ್ದಿರಬಹುದು.

"ಅಕ್ಕಾ, ಇನ್ನೇನೇನು ಬಿಟ್ಟೀದಿ? ಬಿಡಸಾಂಗಿಲ್ಲ ನಾ. ತಿಳಕೊಳ್ಳಾಕಷ್ಟ."

"ಎಲ್ಲಾನೂ ಹೇಳಬೇಕೇನು?"

"ಎಲ್ಲಾನೂ. ನಂಗ ಅಂಜಿಕಿ ಆಗತೈತಿ."

ಅವಳು ದಿಂಬಿಗೆ ಒರಗಿ ಕುಳಿತು ಸೆರಗು ಸರಿಮಾಡಿಕೊಂಡಳು. "ರೂಪಾಲೀ, ನಿಮ್ಮ ಮಾಮಾಗ ಕುರ್ಚೆ ಕೊಡು. ಇದು ಲಗೂ ಮುಗಿಯೂದಲ್ಲ."

ಅವನು ಕುಳಿತ. ಬಿಟ್ಟದ್ದನ್ನು ಎಣಿಸಲು ಅವಳು ಬೆರಳು ಮಡಚಿದಳು. ಹಾಲಿನಿಂದ ಶುರುಮಾಡಿದಳು.